ಬಾದಾಮಿಗೆ ಹೋದರೆ ಗುಹೆ ಮಧ್ಯಾಹ್ನಕ್ಕಿರಲಿ

ಅಗಸ್ತ್ಯ ತೀರ್ಥ ಕೆರೆಯ ಸುತ್ತ ಜಾಗಕ್ಕೇನೂ ಬರವಿಲ್ಲ. ಆದರೂ ಬಾದಾಮಿಯಲ್ಲಿ ಕಾಲಿಡಲು ಆಗಲ್ಲ ಅನ್ನುವವರು ಬಹಳ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಮೆಟ್ಟಿಲು ಹತ್ತಿದರೆ ಇನ್ನೇನಾದೀತು? ಹುಬ್ಬಳ್ಳಿ, ಹೊಸಪೇಟೆ ಕಡೆಯ ಗಾಡಿಗಳು ಹತ್ತು, ಹತ್ತೂವರೆಗೆ ಬಂದು ನೇರ ಗುಹೆಗಳ ಮುಂದೆ ನಿಲ್ಲುತ್ತವೆ. ಊಟದ ಹೊತ್ತಿಗೆ ಪಟ್ಟದಕಲ್ಲು, ಐಹೊಳೆ ಹಾದಿ ಹಿಡಿಯುತ್ತವೆ.

ದಿಕ್ಕು ನೋಡಿಕೊಂಡರೆ ದಾರಿ ಸಿಗುತ್ತದೆ. ಗುಹೆಗಳಿರುವುದು ದಕ್ಷಿಣದ ಗುಡ್ಡದಲ್ಲಿ, ಮುಖ ಉತ್ತರಕ್ಕೆ. ಚಳಿಗಾಲದಲ್ಲಿ ಸೂರ್ಯ ಬೆನ್ನಿಗಿರುವುದರಿಂದ ಮಧ್ಯಾಹ್ನ ಎರಡು ಗಂಟೆಗೂ ಅಲ್ಲಿ ನೆರಳು. ಎದುರಿನ ಉತ್ತರ ಕೋಟೆಯದು ತದ್ವಿರುದ್ಧ: ಹನ್ನೊಂದು ದಾಟಿದರೆ ಬಂಡೆ ಕಾದ ಹಂಚು. ಆದ್ದರಿಂದ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಮ್ಯೂಸಿಯಂ ಕಡೆ ಹೋಗಿ ಕೋಟೆ ಹತ್ತಿ. ದಾರಿ ಎರಡು ಕಡಿದಾದ ಬಂಡೆಗಳ ನಡುವಿನ ಸಂದಿಯಲ್ಲಿ ಸಾಗುತ್ತದೆ. ಎದುರಿಂದ ಒಂದು ಶಾಲಾ ತಂಡ ಬಂದರೆ ನೀವು ಗೋಡೆಗೆ ಒರಗಿ ನಿಲ್ಲಬೇಕು. ಮೇಲಿನ ಶಿವಾಲಯದ ಹತ್ತಿರದಿಂದ ಇಡೀ ಕೆರೆ ಕಾಣುತ್ತದೆ. ಮ್ಯೂಸಿಯಂಗೆ ಶುಕ್ರವಾರ ರಜೆ.

ಊಟ ಮುಗಿಸಿ ಗುಹೆಗೆ ಬನ್ನಿ. ನಾಲ್ಕು ಗುಹೆಗಳಿಗೂ ಸಮ ಸಮಯ ಹಂಚಬೇಡಿ. ಮೊದಲನೆಯದರ ಹೊರಗಿರುವ ಹದಿನೆಂಟು ತೋಳಿನ ನಟರಾಜನ ಮುಂದೆ ಸೆಲ್ಫಿ ಸಾಲಿದ್ದರೆ ದಾಟಿ ಹೋಗಿ, ಇಳಿಯುವಾಗ ನೋಡಿದರಾಯಿತು. ಹೆಚ್ಚು ಹೊತ್ತು ಮೂರನೆಯದಕ್ಕಿರಲಿ. ಚಾಲುಕ್ಯ ಅರಸ ಕೀರ್ತಿವರ್ಮನ ತಮ್ಮ ಮಂಗಳೇಶ ಮಾಡಿಸಿದ್ದು, ಕ್ರಿ.ಶ. 578ರ ಶಾಸನವಿದೆ. ಕಂಬಗಳ ಮೇಲ್ತುದಿಯಲ್ಲಿ ಸೂರಿಗೆ ಆನಿಸಿ ಕೆತ್ತಿದ ಗಂಡು-ಹೆಣ್ಣು ಜೋಡಿಗಳನ್ನು ತಲೆ ಎತ್ತದವರು ನೋಡದೆಯೇ ಹೋಗುತ್ತಾರೆ.

ಮಂಗಗಳ ವಿಷಯ: ಪ್ಲಾಸ್ಟಿಕ್ ಚೀಲದ ಸರಸರ ಸದ್ದೇ ಅವಕ್ಕೆ ಊಟದ ಗಂಟೆ. ಕೈಯಲ್ಲಿ ಬಾಳೆಹಣ್ಣು, ಜ್ಯೂಸ್ ಬಾಟಲಿ ಬೇಡ. ಎಳೆದುಕೊಂಡರೆ ಬಿಟ್ಟುಬಿಡಿ, ಜಗ್ಗಾಡಿದರೆ ಪರಚುತ್ತವೆ.

ನಾಲ್ಕೂವರೆಗೆ ಕೆರೆಯ ಮೂಡಣ ತುದಿಯ ಭೂತನಾಥ ಗುಡಿ. ನೀರಿನ ಆಚೆಯಿಂದ ಬರುವ ಸಂಜೆ ಬಿಸಿಲಿಗೆ ಕೆಂಪು ಕಲ್ಲು ಹೊಳೆಯುವುದು ಆಗಲೇ. ಓಣಿಗಳು ಇಕ್ಕಟ್ಟು, ಕಾರು ಒಯ್ಯಬೇಡಿ. ಅದೇ ಕಡೆಯ ಬಂಡೆಯಲ್ಲಿ ಕನ್ನಡದ ಹಳೆಯ ತ್ರಿಪದಿಗಳಿರುವ ಕಪ್ಪೆ ಅರಭಟ್ಟನ ಶಾಸನವಿದೆ. ಅಲ್ಲಿ ನಿಲ್ಲುವವರೇ ಕಡಿಮೆ, ಕನ್ನಡಿಗರಂತೂ ತಪ್ಪಿಸಿಕೊಳ್ಳಬಾರದು. ಕೆರೆ ದಂಡೆಯ ಕಸಕ್ಕೆ ಒಂದು ಅಂಕ ಕಳೆದು ಈ ಜಾಗಕ್ಕೆ ಐದಕ್ಕೆ ನಾಲ್ಕು ಕೊಡಬಹುದು.

ನವೆಂಬರ್‌ನಿಂದ ಫೆಬ್ರವರಿ ಹವೆ ಚೆಂದ, ಆದರೆ ಡಿಸೆಂಬರ್ ಎಂದರೆ ಶಾಲಾ ಪ್ರವಾಸ. ಬನದ ಹುಣ್ಣಿಮೆಗೆ, ಅಂದರೆ ಹೆಚ್ಚಾಗಿ ಜನವರಿಯಲ್ಲಿ, ಐದು ಕಿಲೋಮೀಟರ್ ದೂರದ ಬನಶಂಕರಿ ಜಾತ್ರೆ. ಆಗ ಲಾಡ್ಜ್ ಸಿಗುವುದು ಕಷ್ಟ. ಏಪ್ರಿಲ್, ಮೇ ಬೇಡವೇ ಬೇಡ. ಗದ್ದಲ ಆಗದವರಿಗೆ ಆಗಸ್ಟ್, ಸೆಪ್ಟೆಂಬರಿನ ವಾರದ ದಿನಗಳೇ ಸರಿ: ಜೋರು ಮಳೆ ಬಿದ್ದರೆ ಅಕ್ಕ-ತಂಗಿ ಜಲಪಾತವೂ ಧುಮುಕುತ್ತದೆ. ಮಳೆ ನಿಂತ ಕೆಲ ಹೊತ್ತಿಗೇ ಅದು ಸಣ್ಣಗಾಗುತ್ತದೆ, ತಡ ಮಾಡಬೇಡಿ. ಪಾಚಿ ಹಿಡಿದ ಮೆಟ್ಟಿಲಿಗೆ ಹಿಡಿತವಿರುವ ಚಪ್ಪಲಿ ಹಾಕಿ. ರೈಲಿಗೆ ಹೊರಡುವವರು ನೆನಪಿಡಿ, ಸ್ಟೇಷನ್ ಊರಿನಿಂದ ಐದು ಕಿಲೋಮೀಟರ್. ಆಟೋ ಬಾಡಿಗೆ ಹತ್ತುವ ಮೊದಲೇ ಮಾತಾಡಿಕೊಳ್ಳಿ.