ಬೈಕಂಪಾಡಿಯ ಲೇತಿನಲ್ಲಿ ಕಡೆದ ಪಿಸಿಡಿ ಅಡಾಪ್ಟರು: ಕಡೆತ ಚೆಂದ, ನಟ್ಟು ಕೂರುವ ಜಾಗ ಸರಿಯಿಲ್ಲ

ಬೈಕಂಪಾಡಿ ಕಡೆಯ ಲೇತ್ ಶೆಡ್ಡೊಂದು ಮಾರುತಿ 800ಕ್ಕೆ ಪಿಸಿಡಿ ಅಡಾಪ್ಟರು ಕಡೆದು ಕೊಡುತ್ತದೆ, ಅಂದರೆ ನಟ್ಟಿನ ಅಳತೆ ಹೊಂದದ ಬೇರೆ ಕಾರಿನ ಚಕ್ರವನ್ನು ಕೂರಿಸಲು ನಡುವೆ ಹಾಕುವ ಪ್ಲೇಟು. ಹಬ್ (ಕಾರಿನಲ್ಲಿ ಚಕ್ರ ಕೂರುವ ಭಾಗ) ಕಡೆಗೆ 4×114.3, ಚಕ್ರದ ಕಡೆಗೆ 4×100; ಮೊದಲ ಅಂಕಿ ನಟ್ಟುಗಳ ಸಂಖ್ಯೆ, ಎರಡನೆಯದು ಪಿಸಿಡಿ. ಶೆಡ್ಡಿನ ಹೆಸರು ಬೇಡ. ಕೆಳಗೆ ಹೇಳುವ ಕುಂದುಗಳು ಬೇರೆ ಲೇತಿನಲ್ಲೂ ಸಿಗುವಂಥವೇ, ಎಲ್ಲಿ ಮಾಡಿಸಿದರೂ ಇದನ್ನೇ ನೋಡಬೇಕು.

ಯಾಕೆ ಬೇಕು ಇದು? 800ರ 12 ಇಂಚಿನ ಟಯರಿಗೆ ಈಗ ಆಯ್ಕೆ ಕಡಿಮೆ. ಹಳೇ ಸ್ಯಾಂಟ್ರೋದ 13 ಇಂಚಿನ ಅಲಾಯ್ ಗುಜರಿಯಲ್ಲಿ ಸಿಕ್ಕಿತು ಎಂದು ತಂದು ಹಿಡಿದರೆ ಕೂರುವುದಿಲ್ಲ. ಎರಡಕ್ಕೂ ನಾಲ್ಕೇ ನಟ್ಟು, ಆದರೆ ನಟ್ಟುಗಳ ಮಧ್ಯಬಿಂದು ಸೇರಿಸಿ ಎಳೆದ ವೃತ್ತದ ವ್ಯಾಸ, ಅದೇ ಪಿಸಿಡಿ, 800ರಲ್ಲಿ 114.3 ಮಿ.ಮೀ., ಸ್ಯಾಂಟ್ರೋದಲ್ಲಿ 100. ನಾಲ್ಕು ತೂತಿನ ಚಕ್ರದಲ್ಲಿ ಎದುರುಬದುರು ಇರುವ ಎರಡು ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಳೆದರೆ ಪಿಸಿಡಿ ಸಿಕ್ಕಿತು. ಐದು ತೂತಿಗೆ ಹಾಗೆ ಅಳೆಯಲು ಬರುವುದಿಲ್ಲ. ಪಕ್ಕಪಕ್ಕದ ತೂತುಗಳ ಅಂತರವನ್ನು 1.7013ರಿಂದ ಗುಣಿಸಬೇಕು. ಜಿಪ್ಸಿಯ 5×139.7ರಲ್ಲಿ ಆ ಅಂತರ 82.1 ಮಿ.ಮೀ. ಬರುತ್ತದೆ.

ತೂತನ್ನು ಫೈಲ್ ಹಾಕಿ ಉದ್ದ ಮಾಡಿ ಕೂರಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಅಲ್ಲಿಂದ ಹಾಗೆಯೇ ವಾಪಸು ಬರುವುದು ಒಳ್ಳೆಯದು. 114.3ಕ್ಕೂ 100ಕ್ಕೂ ತ್ರಿಜ್ಯದಲ್ಲಿ 7.15 ಮಿ.ಮೀ. ವ್ಯತ್ಯಾಸ ಉಂಟು. ಅಷ್ಟು ತಿಂದರೆ ನಟ್ಟಿನ ಟೇಪರು (ಓರೆ ಮುಖ) ಕೂರಲು ಜಾಗವೇ ಉಳಿಯುವುದಿಲ್ಲ. ಹಳೇ ತೂತನ್ನು ವೆಲ್ಡಿಂಗಿನಲ್ಲಿ ಮುಚ್ಚಿ ಹೊಸತು ಕೊರೆಯುವುದು ಇನ್ನೂ ಕೆಟ್ಟದ್ದು. ಅಲಾಯ್ ಚಕ್ರಕ್ಕೆ ಶಾಖ ಕೊಟ್ಟು ಬರಿಸಿದ ಗಟ್ಟಿತನ ವೆಲ್ಡಿಂಗಿನ ಬಿಸಿಗೆ ಹೋಗಿಬಿಡುತ್ತದೆ, ಅದೂ ಸರಿಯಾಗಿ ನಟ್ಟು ಹಿಡಿಯುವ ಜಾಗದಲ್ಲೇ. ಅಲುಗುವ ಕಾಲರಿನ ವಾಬಲ್ ಬೋಲ್ಟು ಫಿಯೆಟ್ ಪಾಲಿಯೋದಂಥ 4×98ರ ಕಾರಿಗೆ 4×100ರ ಚಕ್ರ ಹಾಕುವವರಿಗೆ ಸರಿ, ಅಲ್ಲಿ ಹೊಂದಿಸಬೇಕಾದ್ದು ಪ್ರತಿ ಬೋಲ್ಟಿಗೆ ಒಂದೇ ಮಿಲಿಮೀಟರು. ಇಲ್ಲಿ ಅದರ ಆಟ ನಡೆಯುವುದಿಲ್ಲ.

ಹಾಗಾಗಿ ಅಡಾಪ್ಟರು. ಎರಡು ಪಿಸಿಡಿಯ ತೂತುಗಳು ಒಂದೇ ಗೆರೆಯಲ್ಲಿ ಬಂದರೆ ಒಂದರೊಳಗೊಂದು ಸೇರಿಹೋಗುತ್ತವೆ. ಅದಕ್ಕೇ ಒಂದನ್ನು 45 ಡಿಗ್ರಿ ತಿರುಗಿಸಿ ಕೊರೆಯುತ್ತಾರೆ. ಆಗ ಹಬ್ ನಟ್ಟಿನ ತೂತಿಗೂ ಪಕ್ಕದ ಹೊಸ ಸ್ಟಡ್ಡಿಗೂ (ಚಕ್ರದ ನಟ್ಟು ಏರುವ ಬೋಲ್ಟು) ಮಧ್ಯದಿಂದ ಮಧ್ಯಕ್ಕೆ 41.5 ಮಿ.ಮೀ. ಸಿಗುತ್ತದೆ, ಅಷ್ಟು ಧಾರಾಳ ಸಾಕು.

ಶೆಡ್ಡಿನವರು ಕೊಟ್ಟ ಪ್ಲೇಟು 150 ಮಿ.ಮೀ. ವ್ಯಾಸ, 20 ಮಿ.ಮೀ. ದಪ್ಪದ ಅಲ್ಯೂಮಿನಿಯಂ. ಕಡೆತ ಒಳ್ಳೆಯದಿದೆ, ಅದರಲ್ಲಿ ಮಾತಿಲ್ಲ. ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮುಖದ ಓಲಾಟ 0.05 ಮಿ.ಮೀ. ಒಳಗೇ ನಿಲ್ಲುತ್ತದೆ. ತೂತುಗಳನ್ನು ಕಂಪಾಸಿನಲ್ಲಿ ಗುರುತು ಹಾಕದೆ ಮಿಲ್ಲಿಂಗ್ ಮೆಷಿನ್ನಿನ ರೋಟರಿ ಟೇಬಲ್ಲಿನಲ್ಲಿ ಇಟ್ಟು ಕೊರೆದಿದ್ದಾರೆ. ಲೇತಿನವರ ಹತ್ತಿರ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಕೈಗುರುತಿನಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಆದರೂ ಸಾಕು, ಹೈವೇಯಲ್ಲಿ ವೇಗ ಏರಿದಾಗ ಸ್ಟೇರಿಂಗ್ ನಡುಗುತ್ತದೆ. ಅದನ್ನು ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ಬ್ಯಾಲೆನ್ಸಿಂಗ್ ಮೆಷಿನ್ನಿನ ಮೇಲೆ ಅಡಾಪ್ಟರು ಇರುವುದಿಲ್ಲವಲ್ಲ!

ತಕರಾರು ಇರುವುದು ನಟ್ಟು ಕೂರುವಲ್ಲಿ. ಹಬ್ ಕಡೆಯ ನಟ್ಟು ಪ್ಲೇಟಿನೊಳಗೆ ಮುಳುಗಬೇಕು, ಇಲ್ಲವಾದರೆ ಚಕ್ರದ ಬೆನ್ನಿಗೆ ತಾಗುತ್ತದೆ. ಅದಕ್ಕೆ ಇವರು 28 ಮಿ.ಮೀ. ಅಗಲ, 12 ಮಿ.ಮೀ. ಆಳದ ಗುಳಿ ಕೊರೆದಿದ್ದಾರೆ. ಆದರೆ ಗುಳಿಯ ತಳ ಚಪ್ಪಟೆ. 800ರ ನಟ್ಟು 60 ಡಿಗ್ರಿ ಟೇಪರಿನದ್ದು. ಚಪ್ಪಟೆ ತಳದಲ್ಲಿ ಅದು ತೂತಿನ ಅಂಚನ್ನು ಮಾತ್ರ ಕಚ್ಚುತ್ತದೆ. ಅಲ್ಯೂಮಿನಿಯಂ ಅಂಚು ನಾಲ್ಕು ದಿನದಲ್ಲಿ ಜಜ್ಜಿಹೋಗಿ ಬಿಗಿ ಸಡಿಲುತ್ತದೆ. ಮೇಲಾಗಿ ಹಬ್ಬಿನ ನಡುಗುಬ್ಬಿಗೆ ಪ್ಲೇಟಿನ ಹಿಂಭಾಗದಲ್ಲಿ ಕೊಟ್ಟ ಕುಳಿ ಸುಮಾರು ಒಂದು ಮಿಲಿಮೀಟರ್ ಸಡಿಲ. ಪ್ಲೇಟನ್ನು ನಡುವಿಗೆ ತರಬೇಕಾದವು ಎರಡೇ, ನಡುಕುಳಿ ಅಥವಾ ಟೇಪರು. ಎರಡೂ ಇಲ್ಲದಿದ್ದರೆ ಅಷ್ಟು ಚೆಂದ ಕಡೆದದ್ದೆಲ್ಲ ವ್ಯರ್ಥ. ಹೇಳಿದರೆ ತೂತಿನ ಬಾಯಿಗೆ 60 ಡಿಗ್ರಿ ಓರೆ (ಕೌಂಟರ್‌ಸಿಂಕ್) ಹಾಕಿ ಕೊಡುತ್ತಾರೆ, ಕುಳಿಯನ್ನು ಮಾತ್ರ ಮೊದಲೇ ಅಳತೆ ಕೊಟ್ಟು ಮಾಡಿಸಬೇಕು. ಹಬ್ಬಿನ ಗುಬ್ಬಿಯನ್ನು ವರ್ನಿಯರ್‌ನಲ್ಲಿ ನಾಲ್ಕೂ ಕಡೆ ಅಳೆದು, ತುಕ್ಕು ಉಜ್ಜಿದ ಮೇಲೆ ಇನ್ನೊಮ್ಮೆ ಅಳೆದು, 0.1 ಮಿ.ಮೀ. ಮಾತ್ರ ಸಡಿಲ ಬಿಡಲು ಹೇಳಿ.

ವ್ಯಾಸವೂ ಕಡಿಮೆಯಾಯಿತು. ಗುಳಿಯ ಹೊರ ಅಂಚು ಬರುವುದು ಮಧ್ಯದಿಂದ 71.15 ಮಿ.ಮೀ. ದೂರದಲ್ಲಿ. 150ರ ಪ್ಲೇಟಿನಲ್ಲಿ ಹೊರಗೋಡೆಗೆ ಉಳಿಯುವುದು 4 ಮಿ.ಮೀ.ಗೂ ಕಡಿಮೆ. 155 ಮಾಡಿಸಿದರೆ 6ರ ಮೇಲೆ ಸಿಗುತ್ತದೆ.

ದಪ್ಪದ ಲೆಕ್ಕಕ್ಕೆ ಹಬ್ ಮುಖದಿಂದ ಸ್ಟಡ್ಡು ಎಷ್ಟು ಹೊರಗಿದೆ ಎಂದು ಅಳೆಯಿರಿ. 20ಕ್ಕಿಂತ ಹೆಚ್ಚಿದ್ದರೆ ಅದರ ತುದಿ ಪ್ಲೇಟು ದಾಟಿ ಚಕ್ರಕ್ಕೆ ಒತ್ತುತ್ತದೆ. ಆಗ ಚಕ್ರದ ಬೆನ್ನಿನಲ್ಲಿ ಆ ಜಾಗಕ್ಕೇ ಪೊಳ್ಳು ಇರಬೇಕು, ಇಲ್ಲವೇ ತುದಿ ಕತ್ತರಿಸಬೇಕು, ಇಲ್ಲವೇ 25ರ ಪ್ಲೇಟು ಹಾಕಬೇಕು. ಕತ್ತರಿಸುವುದಾದರೆ ನಟ್ಟಿನೊಳಗೆ ಕನಿಷ್ಠ 12 ಮಿ.ಮೀ. ಥ್ರೆಡ್ ಉಳಿಯಲೇಬೇಕು, ಎಂ12×1.25ರಲ್ಲಿ (12 ಮಿ.ಮೀ. ದಪ್ಪ, ಥ್ರೆಡ್ಡಿನ ಒಂದು ಸುತ್ತಿಗೆ 1.25 ಮಿ.ಮೀ.) ಅದು ಹತ್ತಿರ ಹತ್ತಿರ ಹತ್ತು ಸುತ್ತು. ಬೆರಳಲ್ಲಿ ತಿರುಗಿಸಿ ಎಣಿಸಿ ನೋಡಿದರೆ ಗೊತ್ತಾಗುತ್ತದೆ. ಹಿಂದಿನ ಡ್ರಮ್ಮಿನ ಗ್ರೀಸ್ ಕ್ಯಾಪು ಹೊರಬರಲು ನಡುವಿನ ತೂತು ಸಾಕೇ ಎಂದೂ ನೋಡಬೇಕು. ಸ್ಯಾಂಟ್ರೋ ಚಕ್ರದ ನಡುತೂತಿನೊಳಗೆ ಕೂತು ಅದನ್ನು ನಡುವಿಗೆ ತರುವ 54.1 ಮಿ.ಮೀ. ಲಿಪ್ಪು (ಉಬ್ಬಂಚು) ಆ ತೂತಿನ ಸುತ್ತಲೇ ಬರುವುದು. ತೂತು ದೊಡ್ಡದಾದಷ್ಟೂ ಲಿಪ್ಪಿನ ಗೋಡೆ ತೆಳು.

ಹೊಸ ಸ್ಟಡ್ಡುಗಳು ಹಿಂದಿನಿಂದ ಪ್ರೆಸ್ ಮಾಡಿದವು, ಗಟ್ಟಿ ಉಕ್ಕಿನ 10.9 ಗ್ರೇಡು. ಸ್ಕ್ರೂ ಮಾಡಿ ಲಾಕ್‌ಟೈಟ್ (ಥ್ರೆಡ್ಡಿನ ಅಂಟು) ಹಚ್ಚಿದ ಸ್ಟಡ್ಡಿಗಿಂತ ಇದು ಎಷ್ಟೋ ಮೇಲು. ಒಂದು ಪ್ಲೇಟಿನಲ್ಲಿ ಸ್ಟಡ್ಡಿನ ತಲೆ ಹಿಂಬದಿಯ ಮುಖಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಕನ್ನಡಿಯ ಮೇಲೆ ಇಟ್ಟು ಮೂಲೆ ಒತ್ತಿದಾಗ ಟಕ್‌ಟಕ್ ಎಂದರೆ ಅದೇ ಕಾರಣ. ತಲೆ ಅರ್ಧ ಮಿಲಿಮೀಟರ್ ಒಳಗೇ ಇರಬೇಕು. ಇನ್ನೊಂದು ಎಡವಟ್ಟು: ಇವರು ಹಾಕುವುದು ಹ್ಯುಂಡೈಯ ಎಂ12×1.5 ಸ್ಟಡ್ಡು. 800ರದ್ದು ಎಂ12×1.25. ಒಂದೇ ಕಾರಿನಲ್ಲಿ ಎರಡು ಥ್ರೆಡ್ಡು ಬಂದರೆ ಪಂಚರ್ ಅಂಗಡಿಯ ಹುಡುಗ ಗನ್ನಿನಲ್ಲಿ ತಪ್ಪು ನಟ್ಟು ಏರಿಸಿದಲ್ಲಿಗೆ ಸ್ಟಡ್ಡು ಮುಗಿಯಿತು. ಎರಡೂ ಕಡೆ 1.25 ಇರಲಿ ಎಂದು ಬರೆದುಕೊಡಿ, ಬಾಯಿಮಾತು ಸಾಲದು.

ಅಲ್ಯೂಮಿನಿಯಂ ಬೇಡ, ಕಬ್ಬಿಣವೇ ಇರಲಿ ಎನ್ನುವವರಿಗೂ ಮಾಡಿಕೊಡುತ್ತಾರೆ. ಈ ಅಳತೆಗೆ ಅಲ್ಯೂಮಿನಿಯಂ ಪ್ಲೇಟು ಸುಮಾರು 800 ಗ್ರಾಂ, ಉಕ್ಕಿನದ್ದು 2.3 ಕೆ.ಜಿ. 800ರಂಥ ಹಗುರ ಕಾರಿನ ಪ್ರತಿ ಚಕ್ರಕ್ಕೂ ಅಷ್ಟು ಭಾರ ನೇತುಹಾಕುವುದು ಬೇಡ. ಅಲ್ಯೂಮಿನಿಯಂ ಆದರೆ ಶಾಖ ಕೊಟ್ಟು ಗಟ್ಟಿ ಮಾಡಿದ 6061-ಟಿ6 ಗ್ರೇಡು ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮೂಲೆಯಲ್ಲಿ ಬಿದ್ದ ತುಂಡು ಯಾವ ಗ್ರೇಡೋ ಯಾರಿಗೆ ಗೊತ್ತು.

ಜೋಡಿಸುವಾಗ ಮೊದಲು ಹಬ್ ಮುಖವನ್ನು ವೈರ್ ಬ್ರಷ್ಷಿನಲ್ಲಿ ಲೋಹ ಹೊಳೆಯುವ ತನಕ ಉಜ್ಜಬೇಕು. ಪಣಂಬೂರು, ಮಲ್ಪೆ ಕಡೆ ಕಡಲ ಗಾಳಿಗೆ ನಿಲ್ಲುವ ಕಾರಿನಲ್ಲಿ ತುಕ್ಕು ಹೊಪ್ಪಳಿಕೆಯಾಗಿ ಎದ್ದಿರುತ್ತದೆ. ಡ್ರಮ್ ಹಿಡಿದಿಡುವ ಸ್ಕ್ರೂ, ಕ್ಲಿಪ್ ಏನಾದರೂ ಉಬ್ಬಿದ್ದರೆ ತೆಗೆಯಿರಿ. ಅಲ್ಯೂಮಿನಿಯಂ, ಉಕ್ಕು, ಉಪ್ಪುನೀರು ಮೂರೂ ಸೇರಿದರೆ ಒಂದು ಮಳೆಗಾಲದಲ್ಲೇ ಪ್ಲೇಟು ಹಬ್ಬಿಗೆ ಅಂಟಿಕೊಂಡುಬಿಡುತ್ತದೆ, ಆಮೇಲೆ ಸುತ್ತಿಗೆಗೂ ಬಗ್ಗುವುದಿಲ್ಲ. ಮುಖಕ್ಕೆ ಆಂಟಿಸೀಜ್ (ಅಂಟಿಕೊಳ್ಳದಂತೆ ತಡೆಯುವ ಪೇಸ್ಟು) ತೆಳ್ಳಗೆ ಸವರಿ. ಥ್ರೆಡ್ಡಿಗೆ, ಟೇಪರಿಗೆ ಮಾತ್ರ ಏನೂ ಹಚ್ಚಬೇಡಿ. ಎಣ್ಣೆ ಇದ್ದರೆ ಅದೇ ಟಾರ್ಕಿಗೆ (ಬಿಗಿಯುವ ತಿರುಚು ಬಲ) ಸ್ಟಡ್ಡು ಅತಿಯಾಗಿ ಎಳೆಯಲ್ಪಡುತ್ತದೆ. ಎದುರುಬದುರು ಕ್ರಮದಲ್ಲಿ ಎರಡು ಸುತ್ತಿನಲ್ಲಿ ಬಿಗಿಯಬೇಕು. ಕೈಪಿಡಿಯಲ್ಲಿ ಇರುವ ಟಾರ್ಕೇ ಸರಿ, ಗನ್ನು ಬೇಡ. 100 ಕಿ.ಮೀ. ಓಡಿದ ಮೇಲೆ ಚಕ್ರ ಬಿಚ್ಚಿ ಒಳಗಿನ ನಟ್ಟನ್ನೂ ಟಾರ್ಕ್ ರೆಂಚಿನಲ್ಲಿ ನೋಡಿ, 500ಕ್ಕೆ ಇನ್ನೊಮ್ಮೆ. ಶಿರಾಡಿ ಇಳಿದು ಬಂದರೆ ಲೆಕ್ಕಕ್ಕೆ ಕಾಯದೆ ನೋಡುವುದು. ಇದನ್ನು ಶೆಡ್ಡಿನವರು ಹೇಳುವುದೇ ಇಲ್ಲ. ಹೊರಗಿನ ನಟ್ಟು ಬಿಗಿ ಇದೆಯಲ್ಲ ಎಂದು ಗಿರಾಕಿಯೂ ಸುಮ್ಮನಾಗುತ್ತಾನೆ.

ಓಡಿಸುವಾಗಿನ ವ್ಯತ್ಯಾಸ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. 20ರ ಪ್ಲೇಟು ಎಂದರೆ ಪ್ರತಿ ಚಕ್ರ 20 ಮಿ.ಮೀ. ಹೊರಗೆ, ಚಕ್ರದ ಇಟಿ (ಆಫ್‌ಸೆಟ್, ಅಂದರೆ ಚಕ್ರದ ಅಗಲದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖಕ್ಕಿರುವ ದೂರ, ಮಿ.ಮೀ.ನಲ್ಲಿ) 45 ಇದ್ದರೆ ಕಾರಿಗೆ ಅದು 25. ಪವರ್ ಸ್ಟೇರಿಂಗ್ ಇಲ್ಲದ 800ರಲ್ಲಿ ನಿಂತಲ್ಲೇ ತಿರುಗಿಸುವುದು ಕಷ್ಟವಾಗುತ್ತದೆ, ಹೊಂಡದ ಏಟು ಕೈಗೆ ಬರುತ್ತದೆ, ವೀಲ್ ಬೇರಿಂಗ್ ಬೇಗ ಸವೆಯುತ್ತದೆ. ಟಯರಿನ ವಿಷಯದಲ್ಲಿ ಆಸೆ ಕಡಿಮೆ ಇರಲಿ. 145/70 ಆರ್12ರ ಎತ್ತರ 508 ಮಿ.ಮೀ. ಸ್ಯಾಂಟ್ರೋದ 155/70 ಆರ್13 ಹಾಗೇ ಹಾಕಿದರೆ 547, ಶೇ. 7.8 ಹೆಚ್ಚು. 155/65 ಆರ್13 ಆದರೆ 532, ಸ್ಪೀಡೋಮೀಟರಿನಲ್ಲಿ 60 ಕಂಡಾಗ ನಿಜಕ್ಕೆ 63ರ ಹತ್ತಿರ. ಅದನ್ನೂ ನಾಲ್ಕು ಜನ ಕೂತು, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮಡ್‌ಗಾರ್ಡಿಗೆ ತಾಗುತ್ತದೆಯೇ ಎಂದು ನೋಡಿದ ಮೇಲೆಯೇ ಕೊಳ್ಳಿ. ಟಯರು ಬಾಡಿಯಿಂದ ಹೊರಗೆ ಇಣುಕಿದರೆ ಮಳೆಗಾಲದಲ್ಲಿ ಬಾಗಿಲಿಗೆಲ್ಲ ಕೆಂಪು ನೀರು, ಆರ್‌ಟಿಒದವರಿಗೂ ನಿಲ್ಲಿಸಲು ಕಾರಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿನ ಬಗ್ಗೆಯೇ ಇದೆ. ವಿಮೆ ಕಂಪೆನಿಗೂ ತಿಳಿಸದೆ ಹಾಕುವುದು ಜಾಣತನವಲ್ಲ.

ಐದರಲ್ಲಿ ಮೂರು ಅಂಕ ಕೊಡಬಹುದು. ಟೇಪರು, ಕುಳಿ, 155ರ ವ್ಯಾಸ, ಒಂದೇ ಥ್ರೆಡ್ಡು ಎಂದು ಬರೆದುಕೊಟ್ಟು ಮಾಡಿಸಿದರೆ ನಾಲ್ಕು. 4×114.3ರಲ್ಲೇ ಕೊರೆದ 13 ಇಂಚಿನ ಚಕ್ರ ಕೈಗೆಟುಕಿದರೆ ಈ ಪ್ಲೇಟಿನ ಗೊಡವೆಯೇ ಬೇಡ ಮಾರಾಯ್ರೆ, ನೇರ ಅದನ್ನೇ ಹಾಕಿ. ಬರೀ ಅಂದಕ್ಕೆಂದು ಬರುವವರಿಗೆ ಅಡಾಪ್ಟರು ಮಾರುವ ಬದಲು ಶೆಡ್ಡಿನವರೂ ಇಷ್ಟು ಹೇಳಬಹುದಿತ್ತು.

ಅಡಾಪ್ಟರು ಹಾಕಿದ ಮೇಲೆ ಡಿಕ್ಕಿಯಲ್ಲಿರುವ ಹಳೇ ಸ್ಟೆಪ್ನಿ ಆ ಕಾರಿಗೆ ಕೂರುವುದಿಲ್ಲ. ಐದನೆಯದೂ 4×100ರದ್ದೇ ಬೇಕು. ಅದಿಲ್ಲದಿದ್ದರೆ ಪಡುಬಿದ್ರಿಯ ಹೈವೇ ಬದಿಯಲ್ಲಿ ಪಂಚರ್ ಆದಾಗ ಚಕ್ರದ ಜೊತೆ ಪ್ಲೇಟನ್ನೂ ಕಳಚಿ ಹಳೇ ಸ್ಟೆಪ್ನಿ ಹಾಕಬೇಕಾಗುತ್ತದೆ. ಕಾರಿನ ಜೊತೆ ಬರುವ ಸ್ಪಾನರು 28ರ ಗುಳಿಯೊಳಗೆ ಹೋಗುವುದಿಲ್ಲ. ತೆಳುಗೋಡೆಯ ಸಾಕೆಟ್ಟು, ಅದಕ್ಕೊಂದು ಉದ್ದ ಹಿಡಿ, 800ರ ಹಳೇ ನಟ್ಟು ನಾಲ್ಕು, ಇಷ್ಟು ಒಂದು ಚೀಲದಲ್ಲಿ ಕಟ್ಟಿ ಸ್ಟೆಪ್ನಿಯ ಜೊತೆಗೇ ಇಟ್ಟಿರಿ.