ಗೋಣಿಕೊಪ್ಪದ ಆ ಚಿಕ್ಕ ಸ್ಪೋರ್ಟ್ಸ್ ಅಂಗಡಿ

ಮಗಳಿಗೆ ಹಾಕಿ ಶಿನ್ ಪ್ಯಾಡ್ ಬೇಕಿತ್ತು. ಹಿಂದಿನ ಮ್ಯಾಚಲ್ಲಿ ಎದುರಾಳಿಯ ಸ್ಟಿಕ್ ಬಡಿದು ಅವಳ ಕಾಲು ನೀಲಿಗಟ್ಟಿತ್ತು. "ಮುಂದಿನ ಸಲ ನಾನೂ ಬಾರಿಸ್ತೀನಿ ಅಂಕಲ್" ಅಂದಳು ಅಂಗಡಿಯವರ ಹತ್ತಿರ.

ಅವರು ಹಳೇ ಫುಲ್ ಬ್ಯಾಕ್, ಅಂದ್ರೆ ಹಿಂದೆ ನಿಂತು ಎದುರಾಳಿಗಳನ್ನ ತಡೆಯೋ ಹಾಕಿ ಆಟಗಾರ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ತಮ್ಮ ಮನೆತನಕ್ಕೆ ಆಡಿದವರು. ಬೆಳಿಗ್ಗೆ ಎದ್ದರೆ ಮೊಬೈಲಲ್ಲಿ ಬೇಸ್‌ಬಾಲ್.

"ಕೇಳು ಮಗಳೇ" ಅಂತ ಸ್ಟೂಲ್ ಎಳೆದರು. 2015ರಲ್ಲಿ ಟೊರೊಂಟೊ ಬೇಸ್‌ಬಾಲ್ ತಂಡದ ಬೌಟಿಸ್ಟಾ, ಟೆಕ್ಸಸ್ ತಂಡದ ಎದುರು ಹೋಮ್ ರನ್ (ಚೆಂಡು ಮೈದಾನದಾಚೆ ಹೋಗೋ ಹೊಡೆತ) ಹೊಡೆದು ಬ್ಯಾಟ್ ಗಾಳಿಗೆ ಚಿಮ್ಮಿಸಿದ. ಹಾಗೆ ಮೆರೆಯಬಾರದು ಅನ್ನೋದು ಅಲ್ಲಿ ಬರೆಯದ ನಿಯಮ. ಟೆಕ್ಸಸ್‌ನವರು ಮರೆಯಲಿಲ್ಲ. 2016ರ ಮೇ ತಿಂಗಳಲ್ಲಿ ಅವರು ಎಸೆದ ಚೆಂಡು ಅವನ ಮೈಗೆ ಬಿತ್ತು. ಸಿಟ್ಟಿಗೆ ಅವನು ಎರಡನೇ ಬೇಸ್‌ಗೆ (ಓಡಿ ಮುಟ್ಟಬೇಕಾದ ಗುರುತಿಗೆ) ಒರಟಾಗಿ ಜಾರಿದ. ಅಲ್ಲಿದ್ದ ಟೆಕ್ಸಸ್ ಆಟಗಾರ ಓಡೋರ್ ಅವನ ದವಡೆಗೆ ಗುದ್ದಿದ. ಎರಡೂ ತಂಡ ಮೈದಾನಕ್ಕೆ ನುಗ್ಗಿತು.

"1920ರಲ್ಲಿ ರೇ ಚಾಪ್‌ಮನ್ ಅನ್ನೋ ಬೇಸ್‌ಬಾಲ್ ಆಟಗಾರನ ತಲೆಗೆ ಚೆಂಡು ಬಡಿದು ಪ್ರಾಣವೇ ಹೋಯ್ತು. ಬೇಕಂತ ಎಸೆಯೋದು ಆಟವಲ್ಲ. ನೀನು ಗೋಲು ಹೊಡಿ, ಸಾಕು."

ಮಗಳು ತುಂಬಾ ಹೊತ್ತು ಮಾತಾಡಲಿಲ್ಲ. ನನಗೆ ಆ ಕ್ಷಣ ಅವರ ಕಾಲಿಗೆ ಬೀಳಬೇಕು ಅನ್ನಿಸ್ತು.

ಪ್ಯಾಡ್ ವಿಷಯಕ್ಕೆ ಬಂದರೆ, 650 ರೂಪಾಯಿ. ಸುಮ್ನೆ ಕಟ್ಟಿ ಕೊಡಲಿಲ್ಲ. ಸಾಕ್ಸ್ ಹಾಕಿಸಿ, ಅಂಗಡಿ ಮುಂದೆ ಓಡಿಸಿ, ಕೆಳಗೆ ಜಾರುತ್ತೆ ಅಂತ ಒಂದು ಸೈಜ್ ಚಿಕ್ಕದು ತಂದರು. ಒಳಗಿನ ಫೋಮ್ ದಪ್ಪ ಇದೆ, ಅಂಚು ಚುಚ್ಚಲ್ಲ. ಮಕ್ಕಳ ಸ್ಟಿಕ್ ಮಾತ್ರ ಎರಡೇ ಇತ್ತು, ಹೊಸ ಸ್ಟಾಕ್ ತರಿಸಬೇಕು. ಮುಂದಿನ ತಿಂಗಳು ಸ್ಟಿಕ್‌ಗೂ ಅಲ್ಲಿಗೇ ಹೋಗ್ತೀವಿ.