ನಾಝಲ್ ರಿಂಗ್ ಕಿಟ್: ರಿಂಗ್‌ಗಿಂತ ಗೇಜೇ ಜಾಸ್ತಿ ಕೆಲಸಕ್ಕೆ ಬಂತು

ನನ್ನ ಜೆಟ್ ದೋಣಿಗೆ ಈ ಕಿಟ್ ಕೊಂಡಿದ್ದು ರಿಂಗ್‌ಗಳಿಗಾಗಿ. ಆದರೆ ಇವತ್ತು ಯಾರಾದರೂ ವಾಪಸ್ ಕೇಳಿದರೆ ರಿಂಗ್ ಕೊಟ್ಟುಬಿಟ್ಟೇನು, ಅದರ ಜೊತೆ ಬಂದ ಪ್ರೆಷರ್ ಗೇಜ್ ಮಾತ್ರ ಕೊಡುವುದಿಲ್ಲ.

ಕಿಟ್ ಅಂದರೆ ದೊಡ್ಡದೇನಲ್ಲ. ತಳದಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿಸಿ ದೋಣಿಯನ್ನು ತಳ್ಳುವ ಜೆಟ್ ಪಂಪಿನ ಹಿಂದಿನ ಬಾಯಿಗೆ, ಅಂದರೆ ನಾಝಲ್ಲಿಗೆ ಕೂರುವ ಮೂರು ಅಲ್ಯೂಮಿನಿಯಂ ರಿಂಗ್‌ಗಳು, ಒಳ ಅಳತೆ 84, 86 ಮತ್ತು 88 ಮಿ.ಮೀ. ಪಂಪಿನ ಮೈಗೆ ತೂತು ಕೊರೆದು ಹಾಕುವ ಒಂದು ನಿಪ್ಪಲ್, ಉದ್ದದ ಸಣ್ಣ ಪೈಪು, ಡ್ಯಾಶ್‌ಬೋರ್ಡಿಗೆ ಒಂದು ಗೇಜ್. ಇಲ್ಲಿನ ಒಂದು ಸಣ್ಣ ವರ್ಕ್‌ಶಾಪಿನವರದ್ದು. ಮುಂದೆ ಬೈಯುವುದಿದೆ, ಹಾಗಾಗಿ ಹೆಸರು ಬೇಡ.

ನಾವಿರುವುದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. ಹತ್ತಿರದ ವೈಮಕರಿರಿ, ಆಚೆಯ ರಕಾಯಾ, ಎರಡೂ ಹತ್ತಾರು ಕವಲಾಗಿ ಹರಡಿಕೊಂಡು ಜಲ್ಲಿಕಲ್ಲಿನ ಮೇಲೆ ಹರಿಯುವ ನದಿಗಳು. ಎಷ್ಟೋ ಕಡೆ ಪಾದ ಮುಳುಗುವಷ್ಟೇ ನೀರು. ಪ್ರೊಪೆಲ್ಲರ್ ಹಾಕಿದ ದೋಣಿ ಇಲ್ಲಿ ನಡೆಯುವುದಿಲ್ಲ. ಅದಕ್ಕೇ 1950ರ ದಶಕದಲ್ಲಿ ಐರಿಶ್‌ಮನ್ ಕ್ರೀಕ್‌ನ ಕುರಿ ಫಾರ್ಮಿನಲ್ಲಿ ಬಿಲ್ ಹ್ಯಾಮಿಲ್ಟನ್ ಜೆಟ್ ದೋಣಿಯ ಹಿಂದೆ ಬಿದ್ದದ್ದು. ಅವರ ಮೊದಲ ದೋಣಿಯಲ್ಲಿ ನೀರು ತಳದ ಕೆಳಗಿನಿಂದ ಹೊರಬರುತ್ತಿತ್ತು, ಓಟವೇ ಇರಲಿಲ್ಲ. ನಾಝಲ್ಲನ್ನು ಮೇಲೆತ್ತಿ, ಧಾರೆ ನೀರಿನ ಮಟ್ಟಕ್ಕಿಂತ ಮೇಲೆ ಹೊರಬರುವಂತೆ ಮಾಡಿದ ಮೇಲೆ ದೋಣಿ ಓಡತೊಡಗಿತು. 1960ರಲ್ಲಿ ಅವರ ದೋಣಿಗಳು ಕೊಲೊರಾಡೊ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ಗ್ರ್ಯಾಂಡ್ ಕ್ಯಾನಿಯನ್ ಹತ್ತಿದವು. ಅಂದರೆ ನಾಝಲ್ ಜೊತೆ ಕೈಯಾಡಿಸುವ ಚಾಳಿ ಇಲ್ಲಿನ ಮಣ್ಣಿನಲ್ಲೇ ಇದೆ.

ಹೊಸಬರಿಗೆ ಎಲ್ಲರೂ ಕೊಡುವ ಉದಾಹರಣೆ ತೋಟದ ಪೈಪಿನದು. ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಹಾರುತ್ತದಲ್ಲ, ಹಾಗೆ ನಾಝಲ್ ಸಣ್ಣದಾದಷ್ಟೂ ವೇಗ ಹೆಚ್ಚು ಅಂತ. ಅರ್ಧ ಮಾತ್ರ ನಿಜ. ಬೆರಳು ಒತ್ತಿದರೆ ಬಕೆಟ್ ತುಂಬುವುದು ನಿಧಾನ ಆಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ದೋಣಿಯನ್ನು ತಳ್ಳುವುದು ಎರಡೂ ಸೇರಿ: ಸೆಕೆಂಡಿಗೆ ಎಷ್ಟು ನೀರು ಹೋಯಿತು, ಮತ್ತು ಆ ನೀರು ದೋಣಿಗಿಂತ ಎಷ್ಟು ಜೋರಾಗಿ ಹೋಯಿತು.

ಗೇಜ್ ಇದ್ದರೆ ಈ ಲೆಕ್ಕ ಮಾಡುವುದು ಸುಲಭ. ಮುಳ್ಳು 100 ಪಿಎಸ್‌ಐ ತೋರಿಸಿದರೆ ಧಾರೆಯ ವೇಗ ಗಂಟೆಗೆ ಸುಮಾರು 134 ಕಿ.ಮೀ. 84ರ ರಿಂಗಿನಲ್ಲಿ ಅಷ್ಟು ಒತ್ತಡ ಅಂದರೆ ಸೆಕೆಂಡಿಗೆ ಹೆಚ್ಚುಕಮ್ಮಿ 200 ಲೀಟರ್ ನೀರು. 86 ತೆಗೆದು 84 ಹಾಕಿದರೆ ಬಾಯಿಯ ವಿಸ್ತೀರ್ಣ ಶೇ 4.6ರಷ್ಟು ಕಡಿಮೆ. ಪಂಪಿಗೆ ಸಿಗುವ ಶಕ್ತಿ ಅಷ್ಟೇ ಇದ್ದರೆ ಧಾರೆಯ ವೇಗ ಏರುವುದು ಶೇ 1.6 ಮಾತ್ರ, ನೀರಿನ ಪ್ರಮಾಣ ಶೇ 3ರಷ್ಟು ಇಳಿಯುತ್ತದೆ. ಇದರಿಂದ ಒಂದು ಚಂದದ ಸಂಗತಿ ಹೊರಬರುತ್ತದೆ. ದೋಣಿಯ ವೇಗ ಧಾರೆಯ ವೇಗದ ಅರ್ಧ ದಾಟುವವರೆಗೆ ದೊಡ್ಡ ರಿಂಗ್‌ಗೇ ಲಾಭ, ದಾಟಿದ ಮೇಲೆ ಸಣ್ಣದಕ್ಕೆ. 100 ಕಿ.ಮೀ. ವೇಗದಲ್ಲಿ 84ಕ್ಕೆ ಶೇ 3ರಷ್ಟು ಹೆಚ್ಚು ನೂಕುಬಲ. ನಿಂತಲ್ಲಿಂದ ಹೊರಡುವಾಗ ಶೇ 1.6 ನಷ್ಟ. ರಿಂಗ್ ಬದಲಿಸಿದರೆ ದೋಣಿ ಹಾರುತ್ತದೆ ಅನ್ನುವವರನ್ನು ಸುಮ್ನೆ ನಂಬಬೇಡಿ.

ಆದರೂ ಓಟದಲ್ಲಿ ಈ ಚಿಲ್ಲರೆಯೇ ಮುಖ್ಯ. ಜೆಟ್ ಸ್ಪ್ರಿಂಟ್ ನೋಡದವರಿಗೆ ಹೇಳುವುದಾದರೆ, ನೆಲ ಅಗೆದು ನೀರು ತುಂಬಿದ ಕಾಲುವೆಗಳ ಜಾಲ, ನಡುವೆ ಮಣ್ಣಿನ ದ್ವೀಪಗಳು, ಒಮ್ಮೆಗೆ ಒಂದೇ ದೋಣಿ, ಎದುರಾಳಿ ಗಡಿಯಾರ. ಪಕ್ಕದ ಸೀಟಿನಲ್ಲಿ ಕೂತವರು ಕೈ ಸನ್ನೆಯಲ್ಲಿ ದಾರಿ ಹೇಳುತ್ತಾರೆ. ನನ್ನ ದೋಣಿಯಲ್ಲಿ ಆ ಕೆಲಸ ಹೆಂಡತಿಯದು. ನದಿಯ ನೇರ ಓಟದಲ್ಲಿ 84 ನನಗೆ ತುಂಬಾ ಹಿಡಿಸಿತ್ತು, ಅದನ್ನೇ ಸ್ಪ್ರಿಂಟಿಗೂ ಹಾಕಿದ್ದೆ. ಅವಳು ಹೆಲ್ಮೆಟ್ ತೆಗೆಯುವ ಮೊದಲೇ ತೀರ್ಪು ಕೊಟ್ಟಳು: “ರೀ, ಇದನ್ನ ತೆಗೀರಿ. ತಿರುವು ಮುಗಿದ ಮೇಲೆ ದೋಣಿ ಏಳೋದೇ ಇಲ್ಲ.” 86ಕ್ಕೆ ಬಂದೆವು. ಆಮೇಲೆ ಬದಲಿಸಿಲ್ಲ.

88 ಮಾತ್ರ ನಮ್ಮ ಪಂಪಿಗೆ ಒಗ್ಗಲಿಲ್ಲ. ನಿಂತ ನೀರಿನಲ್ಲಿ ಥ್ರಾಟಲ್ ಒತ್ತಿದರೆ ಅದು ಕೇಳುವಷ್ಟು ನೀರನ್ನು ತಳದ ಬಾಯಿ ಒದಗಿಸುವುದಿಲ್ಲ. ಪಂಪಿನೊಳಗೆ ತಿರುಗಿ ನೀರು ನೂಕುವ ಚಕ್ರದ, ಅಂದರೆ ಇಂಪೆಲ್ಲರ್ ಮುಂದೆ ಒತ್ತಡ ಕುಸಿದು ನೀರೇ ಗುಳ್ಳೆಯಾಗುತ್ತದೆ, ಕರಕರ ಸದ್ದು, ಆರ್‌ಪಿಎಂ ಏರುತ್ತದೆ, ದೋಣಿ ಮಾತ್ರ ಇದ್ದಲ್ಲೇ. ಇದೇ ಕ್ಯಾವಿಟೇಶನ್. ಲೆಕ್ಕದಲ್ಲಿ ದೊಡ್ಡ ರಿಂಗಿಗೆ ಸಿಗುವ ಲಾಭ ಇಲ್ಲೇ ಸೋರಿಹೋಗುತ್ತದೆ. ಇನ್ನೊಂದು ಮಾತು. ಮಲ್ಪೆ, ಮುರುಡೇಶ್ವರದಲ್ಲಿ ನೀವು ಏರಿರಬಹುದಾದ ಜೆಟ್ ಸ್ಕೀಯದು ಹೆಚ್ಚಾಗಿ ನೀರನ್ನು ನೇರ ಹಿಂದಕ್ಕೆ ನೂಕುವ ಆಕ್ಸಿಯಲ್ ಪಂಪ್. ಅದಕ್ಕೆ ಸಣ್ಣ ನಾಝಲ್ ಹಾಕಿದರೆ ಎಂಜಿನ್ ಮೇಲೆ ಭಾರ ಹೆಚ್ಚಿ ಆರ್‌ಪಿಎಂ ಬೀಳುತ್ತದೆ. ನನ್ನದು ನೀರನ್ನು ಓರೆಯಾಗಿ ಹೊರಕ್ಕೂ ಹಿಂದಕ್ಕೂ ನೂಕುವ ಮಿಕ್ಸ್ಡ್ ಫ್ಲೋ, ಆರ್‌ಪಿಎಂ ಹೆಚ್ಚು ಕದಲುವುದಿಲ್ಲ. ಜೆಟ್ ಸ್ಕೀಯವರ ಅನುಭವ ನಮಗೆ ಆಗುವುದಿಲ್ಲ.

ಇಷ್ಟರವರೆಗೆ ಐದಕ್ಕೆ ಐದು ಕೊಡುವ ಮನಸ್ಸಿತ್ತು. ಬೋಲ್ಟ್ ಕೆಡಿಸಿತು.

ರಿಂಗ್ ಅಲ್ಯೂಮಿನಿಯಂ, ಪಂಪಿನ ಮೈ ಅಲ್ಯೂಮಿನಿಯಂ, ಡಬ್ಬಿಯಲ್ಲಿ ಕೊಟ್ಟದ್ದು ಸ್ಟೇನ್‌ಲೆಸ್ ಬೋಲ್ಟ್. ಎರಡು ಲೋಹ ನೀರಿನಲ್ಲಿ ಕೂಡಿದರೆ ಅಲ್ಯೂಮಿನಿಯಂ ತುಕ್ಕಾಗಿ ಬಿಳಿ ಪುಡಿ ಕಟ್ಟುತ್ತದೆ, ಬೋಲ್ಟ್ ಕಚ್ಚಿಕೊಳ್ಳುತ್ತದೆ. ಪದೇ ಪದೇ ಬಿಚ್ಚಲೆಂದೇ ಮಾಡಿದ ವಸ್ತುವಿಗೆ ಒಂದು ಟ್ಯೂಬ್ ಆಂಟಿ-ಸೀಜ್ ಪೇಸ್ಟ್ ಇಡಬಾರದಿತ್ತೇ? ಕೈಪಿಡಿಯಲ್ಲಾದರೂ ಒಂದು ಸಾಲು ಬೇಡವೇ? ಅದರ ಮೇಲೆ ಅಲೆನ್ ಕೀ ಹಾಕುವ ಸಣ್ಣ ತಲೆ, ಅದರ ಗುಂಡಿಯಲ್ಲಿ ನದಿಯ ಮರಳು. ಎರಡನೇ ಸೀಸನ್ನಿನಲ್ಲಿ ಒಂದು ಬೋಲ್ಟ್ ಮುರಿದು ಒಳಗೇ ಉಳಿಯಿತು. ಅದನ್ನು ಕೊರೆದು ತೆಗೆದು, ಹೊಸ ಥ್ರೆಡ್ ಕೂರಿಸಲು ಕೊಟ್ಟ ಕೂಲಿಯಲ್ಲಿ ಇನ್ನೊಂದು ರಿಂಗ್ ಬರುತ್ತಿತ್ತು. ಫೋನ್ ಮಾಡಿದರೆ, “ಪೇಸ್ಟ್ ಹಾಕೋದು ಎಲ್ಲರಿಗೂ ಗೊತ್ತಿರುತ್ತೆ” ಅನ್ನುವ ಧಾಟಿಯ ಉತ್ತರ. ಎಲ್ಲರಿಗೂ ಗೊತ್ತಿದ್ದರೆ ಕೈಪಿಡಿ ಯಾಕೆ ಅಚ್ಚು ಹಾಕಿಸಬೇಕು ಸ್ವಾಮಿ?

ಈ ಸಿಟ್ಟು ಇಳಿಸಿದ್ದು ಗೇಜ್.

ನದಿಯಿಂದ ಬಂದ ಸಂಜೆಯ ಕೆಲಸ ನನಗೆ ಓಟದಷ್ಟೇ ಇಷ್ಟ. ಡಿಡಿಮೊ ಅನ್ನುವ ಲೋಳೆ ಪಾಚಿ 2004ರಲ್ಲಿ ನಮ್ಮ ಈ ದಕ್ಷಿಣ ದ್ವೀಪದ ನದಿಯಲ್ಲಿ ಪತ್ತೆಯಾದಾಗಿನಿಂದ, ಒಂದು ನದಿಯಿಂದ ಇನ್ನೊಂದಕ್ಕೆ ಹೋಗುವ ಮೊದಲು ದೋಣಿ ತೊಳೆದು ಒಣಗಿಸಲೇಬೇಕು. ಅರ್ಧ ಲೀಟರ್ ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ನೀರು ಸೇರಿಸಿ ಹತ್ತು ಲೀಟರ್ ಮಾಡಿ, ಟ್ರೇಲರ್ ಸಮೇತ ಉಜ್ಜುವುದು. ಹಿಂಬದಿ ಉಜ್ಜುವಾಗಲೇ ರಿಂಗ್ ಬಿಚ್ಚಿ, ಇಂಪೆಲ್ಲರ್ ಹಿಂದೆ ಕದಲದೆ ನಿಂತಿರುವ ಸ್ಟೇಟರ್ ಎಲೆಗಳ ನಡುವೆ ಸಿಕ್ಕಿದ ಕಲ್ಲು ತೆಗೆದು, ಬೋಲ್ಟಿಗೆ ಪೇಸ್ಟ್ ಸವರಿ ವಾಪಸ್ ಹಾಕುತ್ತೇನೆ. ಕೊನೆಗೆ ಪುಸ್ತಕದಲ್ಲಿ ಒಂದು ಸಾಲು: ಯಾವ ರಿಂಗ್, 4,000 ಆರ್‌ಪಿಎಂನಲ್ಲಿ ಎಷ್ಟು ಒತ್ತಡ, ಜಿಪಿಎಸ್‌ನಲ್ಲಿ ಎಷ್ಟು ವೇಗ. ವೇಗ ಬರೆಯುವಾಗ ಪ್ರವಾಹದ ಜೊತೆ ಒಮ್ಮೆ, ಎದುರು ಒಮ್ಮೆ ಓಡಿಸಿ ಸರಾಸರಿ ತೆಗೆಯಬೇಕು. ಇಲ್ಲದಿದ್ದರೆ ನದಿಯ ವೇಗವನ್ನು ರಿಂಗಿನ ಖಾತೆಗೆ ಬರೆದಂತೆ.

ಆ ಸಾಲುಗಳನ್ನು ಕೆಳಗೆ ಕೆಳಗೆ ಓದುತ್ತಾ ಹೋದಾಗ ಗೊತ್ತಾಗಿದ್ದು: ಅದೇ ರಿಂಗ್, ಅದೇ ಆರ್‌ಪಿಎಂ, ಒತ್ತಡ ಮಾತ್ರ ಇಳಿಯುತ್ತಾ ಬಂದಿದೆ. ಕಾರಣ ನಾಝಲ್ ಅಲ್ಲ. ಜಲ್ಲಿ ಉಜ್ಜಿ ಉಜ್ಜಿ ಇಂಪೆಲ್ಲರ್ ಸುತ್ತಲಿನ ವೇರ್ ರಿಂಗ್ ಸವೆದಿತ್ತು. ಅದಕ್ಕೂ ಇಂಪೆಲ್ಲರಿಗೂ ನಡುವಿನ ಸಂದು ಅಗಲವಾದಷ್ಟೂ ನೂಕಿದ ನೀರು ಹಿಂದಕ್ಕೇ ಸೋರುತ್ತದೆ. ಹೊಸ ವೇರ್ ರಿಂಗ್ ಹಾಕಿಸಿದ ಮೇಲೆ ಗೇಜ್ ಮುಳ್ಳು ಏರಿದ್ದನ್ನು ನೋಡಿದರೆ, ನಾನು 84, 86 ಅಂತ ಗುದ್ದಾಡಿದ್ದೆಲ್ಲ ಅದರ ಮುಂದೆ ಚಿಲ್ಲರೆ. ಎಂಜಿನ್ ಟ್ಯೂನ್ ಮಾಡಿಸೋಣ ಅಂತ ಎತ್ತಿಟ್ಟಿದ್ದ ದುಡ್ಡು ಹಾಗೇ ಉಳಿಯಿತು.

ಹಾಗಾಗಿ ನನ್ನ ಸಲಹೆ ಜೇಬು ನೋಡಿಕೊಂಡು. ದೋಣಿ ಹಳೆಯದು, ದುಡ್ಡು ಅಷ್ಟಕ್ಕಷ್ಟೇ ಅಂದರೆ ಮೊದಲು ವೇರ್ ರಿಂಗಿನ ಸಂದು ಅಳೆಸಿ, ಗೇಜ್ ಹಾಕಿಸಿ. ಇವರು ಗೇಜ್ ಬಿಡಿಯಾಗಿಯೂ ಮಾರುತ್ತಾರೆ. ಪಂಪ್ ಬಿಗಿಯಾಗಿದ್ದರೆ ಮಾತ್ರ ರಿಂಗ್ ಸೆಟ್ ತಗೊಳ್ಳಿ. ಸ್ಪ್ರಿಂಟ್ ಮಾಡದೆ ವಾರಾಂತ್ಯಕ್ಕೆ ಮಕ್ಕಳನ್ನು ಕೂರಿಸಿಕೊಂಡು ನದಿ ಸುತ್ತುವವರಿಗೆ ಇದು ಬೇಕಾಗಿಯೇ ಇಲ್ಲ. ನಾಲ್ಕು ಸ್ಟಾರ್, ಅದರಲ್ಲಿ ಮೂರು ಗೇಜಿನದು. ನನ್ನ 88ರ ರಿಂಗ್ ಹೊಸದರ ಹಾಗೇ ಇದೆ, ಕ್ರೈಸ್ಟ್‌ಚರ್ಚ್ ಕಡೆಯವರಿಗೆ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ. ಬೋಲ್ಟ್ ನೀವೇ ತಂದುಕೊಳ್ಳಬೇಕು.